ಸವಾರರಲ್ಲಿ ಮೇಲು ಕೀಳೆಂಬುದುಂಟೆ?

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಮನುಷ್ಯರಲ್ಲಿ ಮೇಲು ಕೀಳು ಸಲ್ಲದೆಂಬ ವಿಷಯವಾಗಿ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಪ್ರತಿವರ್ಷವೂ ಒಂದು ಸಭೆ ನಡೆಯುತ್ತದೆ. ಭಾಷಣ ಮಾಡಿದವರು ಚಪ್ಪಾಳೆ ಗಿಟ್ಟಿಸುತ್ತಾರೆ, ಕೇಳಿದವರು ತಲೆದೂಗುತ್ತಾರೆ. ಸಭೆ ಮುಗಿದ ಮೇಲೆ ನಾವೆಲ್ಲರೂ ಹೊರಗೆ ಬಂದು ಗಾಡಿಗಳನ್ನು ನಿಲ್ಲಿಸಿರುವ ಹೊಂಗೆಮರದ ಕಡೆಗೆ ನಡೆಯುತ್ತೇವೆ. ಅಲ್ಲಿ ನೋಡಿರಿ! ಮರದ ಬುಡದ ತಂಪಾದ ನೆರಳಿನಲ್ಲಿ ಬುಲೆಟ್ಟುಗಳು; ಅದರಾಚೆ, ನೆರಳೂ ಬಿಸಿಲೂ ಬೆರೆತ ಕಡೆ, ನೂರೈವತ್ತು ಇನ್ನೂರು ಸಿ.ಸಿ.ಯ ಬೈಕುಗಳು; ಬಿಸಿಲಿನಲ್ಲಿ ಗೋಡೆಯನ್ನೊರಗಿ ಸ್ಕೂಟರುಗಳು. ಮೊಪೆಡ್ಡಿನಲ್ಲಿ ಬಂದವನು ಗೇಟಿನ ಹೊರಗಡೆಯೇ ನಿಲ್ಲಿಸಿ ನಡೆದು ಬರುತ್ತಾನೆ. ಹೀಗೆ ನಿಲ್ಲಿಸಬೇಕೆಂದು ಪ್ರಾಂಶುಪಾಲರು ಆಜ್ಞೆ ಹೊರಡಿಸಿಲ್ಲ. ಯಾವ ಫಲಕವನ್ನೂ ತೂಗುಹಾಕಿಲ್ಲ. ಆದರೂ ಮೂರು ವರ್ಷಗಳಲ್ಲಿ ಒಂದು ದಿನವಾದರೂ ಈ ಕ್ರಮ ತಪ್ಪಿದುದನ್ನು ನಾನು ಕಂಡಿಲ್ಲ. ಗೇಟಿನ ಹೊರಗೆ ನಿಲ್ಲಿಸಿ ನಡೆದು ಬಂದವರಲ್ಲಿ ಈ ಲೇಖನ ಬರೆಯುತ್ತಿರುವವನೂ ಒಬ್ಬನೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಲೇಸು.

ಇದೇನು, ಗಾಡಿ ನಿಲ್ಲಿಸುವ ಜಾಗದ ಕ್ಷುಲ್ಲಕ ವಿಷಯವನ್ನು ವಾರ್ಷಿಕ ಸಂಚಿಕೆಗೆ ಎಳೆದು ತಂದನಲ್ಲ ಎಂದು ಗುರುಗಳೂ ಮಿತ್ರರೂ ಹುಬ್ಬೇರಿಸಬಹುದು. ವಿಷಯ ಅಷ್ಟು ಕ್ಷುಲ್ಲಕವಲ್ಲವೆಂದು ನನಗೆ ಮನವರಿಕೆಯಾದ ಬಗೆಯನ್ನು ಹೇಳುತ್ತೇನೆ. ಆಮೇಲೆ ತಾವೇ ತೀರ್ಮಾನಿಸಬಹುದು.

ಚಾರ್ಮಾಡಿ ಘಾಟಿಯನ್ನು ಹತ್ತಿ ಮೇಲೆ ಬಂದರೆ ಕೊಟ್ಟಿಗೆಹಾರ. ಮಂಗಳೂರಿನಿಂದ ತುಮಕೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ೭೩ ಅಲ್ಲಿಯೇ ಹಾದು ಹೋಗುತ್ತದೆ. ಆ ರಸ್ತೆಯ ಪಕ್ಕದಲ್ಲಿ ನನ್ನ ಸೋದರಮಾವನದೊಂದು ಸಣ್ಣ ಹೋಟೆಲು. ಭಾನುವಾರಗಳಲ್ಲಿ ನಾನು ಅಲ್ಲಿ ನೀರುದೋಸೆಯ ತಟ್ಟೆಗಳನ್ನೂ ಚಹಾದ ಲೋಟಗಳನ್ನೂ ಮೇಜುಗಳಿಗೆ ತಲುಪಿಸುವ ಕೆಲಸ ಮಾಡುತ್ತೇನೆ. ಬೆಳಗಿನ ಎಂಟು ಗಂಟೆಯಾಯಿತೆಂದರೆ ಬೆಂಗಳೂರು, ಹಾಸನ, ಮಂಗಳೂರುಗಳಿಂದ ಮೋಟಾರು ಸೈಕಲ್ಲುಗಳ ದಂಡು ಬಂದಿಳಿಯುತ್ತದೆ. ಲೋಟ ತೊಳೆಯುವವನ ಮುಂದೆ ಯಾರೂ ಮಾತನ್ನು ಮರೆಮಾಚುವುದಿಲ್ಲ. ಆದಕಾರಣ ಸವಾರರ ಸಮಾಜಶಾಸ್ತ್ರವನ್ನು ನಾನು ತರಗತಿಯಲ್ಲಿ ಕಲಿತದ್ದಕ್ಕಿಂತ ಆ ಹೋಟೆಲಿನಲ್ಲಿ ಕಲಿತದ್ದೇ ಹೆಚ್ಚೆಂದರೆ ತಪ್ಪಾಗಲಾರದು.

ಅಲ್ಲಿ ನಾನು ಕಂಡುಕೊಂಡ ಮೊದಲನೆಯ ಸಂಗತಿಯೆಂದರೆ, ಸವಾರರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ತಮ್ಮನ್ನು ‘ಪಕ್ಕಾ ರೈಡರ್’ ಎಂದು ಕರೆದುಕೊಳ್ಳುತ್ತಾರೆ. ಎರಡನೆಯವರಿಗೆ ‘ಸಂಡೇ ರೈಡರ್’ ಎಂಬ ಹೆಸರನ್ನು ಮೊದಲನೆಯವರೇ ದಯಪಾಲಿಸಿದ್ದಾರೆ. ಪಕ್ಕಾ ರೈಡರನು ಮಳೆಯಿರಲಿ ಬಿಸಿಲಿರಲಿ ಮೈತುಂಬ ಜಾಕೆಟ್ಟು, ಮೊಣಕಾಲಿಗೆ ಗಾರ್ಡು, ಕೈಗೆ ಗ್ಲೌಸು, ಕಾಲಿಗೆ ಬೂಟು ಧರಿಸಿ ಬರುತ್ತಾನೆ. ಲಡಾಖಿಗೆ ಹೋಗಿ ಬಂದ ಕಥೆಯನ್ನು ಹೇಳದೆ ಆತನ ಚಹಾ ತಣಿಯುವುದಿಲ್ಲ. ಚಪ್ಪಲಿ ಮೆಟ್ಟಿ, ಹೆಲ್ಮೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು ಬಂದವರನ್ನು ಕಂಡರೆ ಆತನ ತುಟಿ ಕೊಂಕುತ್ತದೆ. ಇನ್ನು ಸಂಡೇ ರೈಡರನ ಮಾತನ್ನು ಕೇಳಿರಿ: “ಬಂದರಪ್ಪ ಚಂದ್ರಲೋಕಕ್ಕೆ ಹೊರಟವರು! ಇಡ್ಲಿ ತಿನ್ನಲು ಇಷ್ಟು ವೇಷವೇಕೆ?” ಹೀಗೆ ಒಬ್ಬನು ಇನ್ನೊಬ್ಬನನ್ನು ಬೇಜವಾಬ್ದಾರನೆನ್ನುತ್ತಾನೆ, ಆ ಇನ್ನೊಬ್ಬನು ಇವನನ್ನು ಬಡಾಯಿಕೋರನೆನ್ನುತ್ತಾನೆ. ಇಬ್ಬರೂ ತಿನ್ನುವುದು ಒಂದೇ ಹೆಂಚಿನ ದೋಸೆ.

ಎರಡನೆಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಪಂಗಡದೊಳಗೆ ಒಳಪಂಗಡಗಳುಂಟು. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗಿತ್ತು, ಬ್ರೇಕು ಎಡಗಾಲಿಗಿತ್ತು. ಅಂಥದನ್ನು ಓಡಿಸುವ ಹಿರಿಯರು, ಗುಂಡಿ ಒತ್ತಿದರೆ ಹೊರಡುವ ಹೊಸ ಬುಲೆಟ್ಟಿನವನನ್ನು ಬುಲೆಟ್ಟಿನವನೆಂದೇ ಒಪ್ಪುವುದಿಲ್ಲ. ಜಾವಾ, ಯೆಜ್ದಿಗಳ ಭಕ್ತರಿಗೆ ಇವರಿಬ್ಬರೂ ಹೊರಗಿನವರು. ಒಂದೇ ಸನ್ನೆಯನ್ನು ಕಿಕ್ಕರ್ ಆಗಿಯೂ ಗೇರಾಗಿಯೂ ಬಳಸುವ ಆ ಬೈಕು ತಮ್ಮಂಥ ರಸಿಕರಿಗೆ ಮಾತ್ರ ಒಲಿಯುತ್ತದೆಂಬುದು ಅವರ ನಂಬಿಕೆ. ಇವರೆಲ್ಲರನ್ನೂ ಮುದುಕರೆಂದು ನಗುವವರು ಡ್ಯೂಕಿನ ತರುಣರು. ಡ್ಯೂಕಿನವರನ್ನು ಹುಡುಗುಮುಂಡೇವೆಂದು ಬೈಯುವವರು ಲಕ್ಷಗಟ್ಟಲೆ ಬೆಲೆಯ ಭಾರಿ ಬೈಕುಗಳ ಯಜಮಾನರು. ಆದರೆ ಸ್ಕೂಟರಿನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರಲ್ಲಿಯೂ ಐಕಮತ್ಯ! ಅದರಲ್ಲಿಯೂ ಸ್ಕೂಟರಿನಲ್ಲಿ ಹೆಂಗಸೊಬ್ಬಳು ಬಂದಿಳಿದರೆ, ಆಕೆ ಎಷ್ಟು ದೂರದಿಂದ ಬಂದಳೆಂದು ಕೇಳುವ ಸೌಜನ್ಯವೂ ಯಾರಿಗೂ ಇರುವುದಿಲ್ಲ.

ಇದು ನಮ್ಮ ದೇಶದ ರೋಗವೆಂದು ಯಾರೂ ಭಾವಿಸಬೇಕಾಗಿಲ್ಲ. ೧೯೬೪ರಲ್ಲಿ ಇಂಗ್ಲೆಂಡಿನ ಕಡಲತೀರದ ಊರುಗಳಾದ ಕ್ಲಾಕ್ಟನ್, ಬ್ರೈಟನ್ ಮೊದಲಾದೆಡೆಗಳಲ್ಲಿ ‘ಮಾಡ್’ ಎಂದು ಕರೆಸಿಕೊಳ್ಳುತ್ತಿದ್ದ ತರುಣರಿಗೂ ‘ರಾಕರ್’ ಎಂದು ಕರೆಸಿಕೊಳ್ಳುತ್ತಿದ್ದ ತರುಣರಿಗೂ ಬಡಿದಾಟಗಳಾದವು. ಮಾಡ್‌ಗಳದು ಅಚ್ಚುಕಟ್ಟಾದ ಸೂಟು, ವೆಸ್ಪಾ ಲ್ಯಾಂಬ್ರೆಟ್ಟಾ ಸ್ಕೂಟರು. ರಾಕರ್‌ಗಳದು ಚರ್ಮದ ಜಾಕೆಟ್ಟು, ಟ್ರಯಂಫ್ ನಾರ್ಟನ್ ಮೋಟಾರು ಸೈಕಲ್ಲು. ಈ ಪ್ರಕರಣವನ್ನು ಅಭ್ಯಾಸ ಮಾಡಿ ೧೯೭೨ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಸ್ಟ್ಯಾನ್ಲಿ ಕೊಹೆನ್ ಎಂಬ ಸಮಾಜಶಾಸ್ತ್ರಜ್ಞರು, ನಡೆದ ಗಲಭೆಗಿಂತ ಪತ್ರಿಕೆಗಳು ಮಾಡಿದ ಗದ್ದಲವೇ ದೊಡ್ಡದೆಂದು ತೋರಿಸಿಕೊಟ್ಟರು. ಪತ್ರಿಕೆಗಳು ಇಬ್ಬರ ನಡುವೆ ಒಂದು ಗೆರೆ ಎಳೆದವು. ತರುಣರು ಆ ಗೆರೆಯ ಆಚೆ ಈಚೆ ನಿಂತುಕೊಂಡರು. ಒಬ್ಬನಿಗೆ ಒಂದು ಹೆಸರು ಅಂಟಿಸಿದರೆ ಆತನು ಕ್ರಮೇಣ ಆ ಹೆಸರಿಗೆ ತಕ್ಕಂತೆ ನಡೆಯತೊಡಗುತ್ತಾನೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಮೈಸೂರಿನಲ್ಲಿಯೇ ಹುಟ್ಟಿದ ಡಾ. ಎಂ. ಎನ್. ಶ್ರೀನಿವಾಸರು ೧೯೫೨ರಲ್ಲಿ ಕೊಡಗರನ್ನು ಕುರಿತು ಬರೆದ ಗ್ರಂಥದಲ್ಲಿ, ಕೆಳಗಿನ ಮೆಟ್ಟಿಲಿನವರು ಮೇಲಿನವರ ಆಚಾರಗಳನ್ನು ಅನುಕರಿಸಿ ಮೇಲೇರಲು ಯತ್ನಿಸುವ ಕ್ರಮವನ್ನು ವಿವರಿಸಿದ್ದಾರೆ. ಅದಕ್ಕೆ ಸಂಸ್ಕೃತೀಕರಣವೆಂದು ಹೆಸರು. ಪಾಠ ಕೇಳುವಾಗ ನನ್ನ ಕಣ್ಣಿಗೆ ಕಟ್ಟಿದುದು ನೂರು ಸಿ.ಸಿ. ಬೈಕಿನ ಸೈಲೆನ್ಸರನ್ನು ಕೊರೆಸಿ ಬುಲೆಟ್ಟಿನಂತೆ ‘ಡುಗು ಡುಗು’ ಎನ್ನಿಸಲು ಹೆಣಗುವ ನಮ್ಮೂರಿನ ಹುಡುಗರು! ಗುರುಗಳು ಈ ಉದಾಹರಣೆಗಾಗಿ ಕ್ಷಮಿಸಬೇಕು. ಆದರೆ ಸದ್ದನ್ನು ಅನುಕರಿಸಿದಷ್ಟು ಸುಲಭವಾಗಿ ಸಾಲವನ್ನು ತೀರಿಸಲಾಗದು. ಕಾಲೇಜಿಗೆ ಮೊಪೆಡ್ಡಿನಲ್ಲಿ ಬರುವುದು ಅವಮಾನವೆಂದು ಮನೆಯಲ್ಲಿ ಹಟ ಹಿಡಿದು ಬೈಕು ತೆಗೆಸಿಕೊಂಡು, ಕಂತು ಕಟ್ಟುವುದಕ್ಕಾಗಿ ಓದನ್ನೇ ಬಿಟ್ಟ ಗೆಳೆಯನೊಬ್ಬನು ನನಗಿದ್ದಾನೆ. ಆತನ ಬೈಕು ಈಗಲೂ ಥಳಥಳಿಸುತ್ತಿದೆ. ಆತನು ಮಾತ್ರ ಈ ವರ್ಷ ನಮ್ಮೊಡನೆ ಪರೀಕ್ಷೆಗೆ ಕೂಡಲಿಲ್ಲ.

ಇಷ್ಟಾಗಿಯೂ ಈ ಗೌರವದ ಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ದೊಡ್ಡ ಸಮುದಾಯವುಂಟು. ಭಾರತದ ರಸ್ತೆಯ ಚರಿತ್ರೆಯನ್ನು ನೋಡಿದರೆ ಬುಲೆಟ್ಟು ಮದರಾಸಿನಲ್ಲಿ ತಯಾರಾಗತೊಡಗಿದುದು ೧೯೫೫ರಲ್ಲಿ. ಜಾವಾ ನಮ್ಮ ಮೈಸೂರಿನಲ್ಲಿ ತಯಾರಾಗತೊಡಗಿದುದು ೧೯೬೧ರಲ್ಲಿ. ಇವೆರಡರ ಕಥೆಯನ್ನು ರೈಡರುಗಳೆಲ್ಲರೂ ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಆದರೆ ೧೯೮೦ರಲ್ಲಿ ಹೊಸೂರಿನಿಂದ ಹೊರಟ ಟಿ.ವಿ.ಎಸ್. ೫೦ ಮೊಪೆಡ್ಡನ್ನೂ, ೧೯೮೫ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. ೧೦೦ ಬೈಕನ್ನೂ ಯಾರು ನೆನೆಯುತ್ತಾರೆ? ಹಾಲಿನ ಕ್ಯಾನು, ಸೊಪ್ಪಿನ ಕಟ್ಟು, ಗೊಬ್ಬರದ ಮೂಟೆ, ಶಾಲೆಯ ಮಕ್ಕಳು ಇವೆಲ್ಲವನ್ನೂ ಹೊತ್ತು ಗ್ರಾಮಾಂತರವನ್ನು ಪೇಟೆಗೆ ಕೂಡಿಸಿದುವು ಈ ಬಡ ಗಾಡಿಗಳೇ. ಅವನ್ನು ಓಡಿಸುವವನು ಪಕ್ಕಾ ರೈಡರನೂ ಅಲ್ಲ, ಸಂಡೇ ರೈಡರನೂ ಅಲ್ಲ. ಆತನು ಸವಾರನೆಂಬ ಲೆಕ್ಕದಲ್ಲಿಯೇ ಇಲ್ಲ.

ನನ್ನ ತಂದೆ ಈ ಸಮುದಾಯಕ್ಕೆ ಸೇರಿದವರು. ಅವರು ಮೀನು ಮಾರುತ್ತಾರೆ. ಮಂಗಳೂರಿನಿಂದ ಮುಂಜಾನೆ ಬರುವ ಲಾರಿಯಿಂದ ಮೀನಿನ ಪೆಟ್ಟಿಗೆ ಇಳಿಸಿಕೊಂಡು, ಮಂಜುಗಡ್ಡೆ ಹಾಕಿ, ತಮ್ಮ ಎಕ್ಸೆಲ್ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಕಾಫಿ ತೋಟಗಳ ದಾರಿ ಹಿಡಿಯುತ್ತಾರೆ. ಅವರ ಹಾರನ್ನು ಕೇಳಿದರೆ ಕೂಲಿಲೈನುಗಳಲ್ಲಿ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಾರೆ. ದಿನಕ್ಕೆ ಎಪ್ಪತ್ತು ಕಿಲೋಮೀಟರಿಗೆ ಕಡಮೆಯಿಲ್ಲ. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂದು ನಿಷೇಧವಿರುವುದರಿಂದ ಆ ಅರವತ್ತೊಂದು ದಿನ ಒಣಮೀನಿನ ವ್ಯಾಪಾರ. ಹೀಗೆ ಇಪ್ಪತ್ತೆರಡು ವರ್ಷಗಳು ಕಳೆದಿವೆ. ನಾನು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದುದು ಆ ಮೊಪೆಡ್ಡಿನ ಹಿಂದಿನ ಪೆಟ್ಟಿಗೆಯ ಬಲದಿಂದಲೇ.

೨೦೨೪ರ ಮೇ ತಿಂಗಳಿನ ಒಂದು ಭಾನುವಾರ ತಂದೆಯವರು ವ್ಯಾಪಾರ ಮುಗಿಸಿ ಮಾವನ ಹೋಟೆಲಿಗೆ ಚಹಾ ಕುಡಿಯಲು ಬಂದಿದ್ದರು. ಅದೇ ವೇಳೆಗೆ ಬೆಂಗಳೂರಿನ ತಂಡವೊಂದು ಬಂದಿಳಿಯಿತು. ಅವರಲ್ಲಿ ಸುಮಾರು ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳು, ತಲೆಯಿಂದ ಕಾಲಿನವರೆಗೆ ಗೇರು ತೊಟ್ಟವಳು, ಮೊಪೆಡ್ಡಿನ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಹಿಂದಿನ ಚಕ್ರವನ್ನು ನೋಡಿದಳು.

“ಅಣ್ಣಾ, ಟೈರು ಪೂರ್ತಿ ಬೋಳಾಗಿದೆ. ಮಳೆ ಶುರುವಾಗೋಕೆ ಮುಂಚೆ ಬದಲಾಯಿಸಿಬಿಡಿ.”

“ನಮಗೆ ರೂಢಿಯುಂಟಮ್ಮ, ಏನೂ ಆಗುವುದಿಲ್ಲ,” ಎಂದರು ತಂದೆ.

“ಇಷ್ಟು ಭಾರ ಇಟ್ಕೊಂಡು ಮಳೇಲಿ ತಿರುವು ಹೇಗೆ ತಗೋತೀರಿ?”

“ತಿರುವಿಗೆ ಮುಂಚೆಯೇ ಬ್ರೇಕು ಹಿಡಿಯಬೇಕು. ತಿರುವಿನ ಒಳಗೆ ಬ್ರೇಕು ಮುಟ್ಟಬಾರದು.”

ಆಕೆ ನಕ್ಕು, ಇದನ್ನೇ ಕಲಿಯಲು ತಾನು ತರಬೇತಿಗೆ ಫೀಸು ಕಟ್ಟಿದ್ದೇನೆಂದಳು. ಟೈರಿನ ಮಾತನ್ನು ಇನ್ನೊಮ್ಮೆ ಹೇಳಿ ಹೊರಟುಹೋದಳು. ಅವರ ಬೈಕುಗಳ ಸದ್ದು ಅಡಗಿದ ಮೇಲೆ ಮಾವ, “ದುಡ್ಡಿದ್ದವರ ಮಾತು ಮಾರಾಯ. ಅವರಿಗೆ ವಾರಕ್ಕೊಂದು ಟೈರು ಬೇಕು,” ಎಂದ. ಎಲ್ಲರೂ ನಕ್ಕೆವು. ತಂದೆಯೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು. ಚಕ್ರವನ್ನು ನಾನೂ ನೋಡಿದ್ದೆ. ಆಕೆ ಹೇಳಿದುದು ಸತ್ಯವೆಂದು ನನಗೆ ಕಂಡಿತ್ತು. ಆದರೆ ಆ ಜಾಕೆಟ್ಟು ಬೂಟುಗಳಿಂದ ಹೊರಟ ಮಾತು ನಮ್ಮಂಥವರಿಗೆ ಸಂಬಂಧಪಟ್ಟದ್ದಲ್ಲವೆಂದು ನಾನು ತೀರ್ಮಾನಿಸಿಬಿಟ್ಟೆ.

ಆಗಸ್ಟ್ ಮೊದಲ ವಾರ, ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ, ಹಸಿಮೀನಿನ ಪೆಟ್ಟಿಗೆ ಹೊತ್ತು ತೋಟದ ರಸ್ತೆಯಲ್ಲಿ ಹೋಗುತ್ತಿದ್ದ ತಂದೆಯವರ ಮೊಪೆಡ್ಡು ಒಂದು ಮೋರಿಯ ಬಳಿ ಜಾರಿತು. ಬ್ರೇಕನ್ನು ಅವರು ತಿರುವಿಗೆ ಮುಂಚೆಯೇ ಹಿಡಿದಿದ್ದರಂತೆ. ಆದರೆ ನೆಲವನ್ನು ಹಿಡಿಯಲು ಟೈರಿನಲ್ಲಿ ಏನೂ ಉಳಿದಿರಲಿಲ್ಲ. ತಲೆ ಮೋರಿಯ ಕಟ್ಟೆಗೆ ತಗಲಿತು. ಒಂಬತ್ತು ಹೊಲಿಗೆ, ಹನ್ನೊಂದು ದಿನ ಆಸ್ಪತ್ರೆ, ಎರಡು ತಿಂಗಳು ದುಡಿಮೆಯಿಲ್ಲ. ಪ್ರಾಣ ಉಳಿದುದು ದೈವಕೃಪೆ. ಹೊಸ ಟೈರಿನ ಬೆಲೆ ಆಸ್ಪತ್ರೆಯ ಒಂದು ದಿನದ ಖರ್ಚಿಗೂ ಸಮನಾಗಿರಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು.

ಆ ಹನ್ನೊಂದು ದಿನಗಳಲ್ಲಿ ನಾನು ಯೋಚಿಸಿದುದನ್ನೇ ಈ ಲೇಖನದ ಸಾರವೆನ್ನಬಹುದು. ಒಂದು ಗುಂಪು ಇನ್ನೊಂದನ್ನು ನೋಡಿ ನಗುವುದರಿಂದ ಆಗುವ ದೊಡ್ಡ ನಷ್ಟ ಮನಸ್ಸಿನ ನೋವಲ್ಲ. ಆ ಗುಂಪಿನಲ್ಲಿರುವ ವಿವೇಕವೂ ಅದರ ಆಡಂಬರದ ಜೊತೆಗೇ ಕಸದ ಬುಟ್ಟಿಗೆ ಹೋಗುತ್ತದಲ್ಲ, ಅದೇ ನಷ್ಟ. ಪಕ್ಕಾ ರೈಡರನ ಬಡಾಯಿಯನ್ನು ನಾವು ತಿರಸ್ಕರಿಸಿದೆವು. ಜೊತೆಗೆ ಆತನ ಹೆಲ್ಮೆಟ್ಟನ್ನೂ ಟೈರನ್ನೂ ತಿರಸ್ಕರಿಸಿದೆವು. ಆತನೂ ಅಷ್ಟೆ. ನನ್ನ ತಂದೆಯಂಥವರನ್ನು ಲೆಕ್ಕಕ್ಕಿಡದೆ, ಇಪ್ಪತ್ತೆರಡು ಮಳೆಗಾಲಗಳು ಕಲಿಸಿದ ವಿದ್ಯೆಯನ್ನು ಫೀಸು ತೆತ್ತು ಬೇರೆ ಕಡೆ ಹುಡುಕುತ್ತಾನೆ.

ಹೆಲ್ಮೆಟ್ಟಿನ ವಿಷಯವನ್ನೇ ತೆಗೆದುಕೊಳ್ಳಿರಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಪ್ರಕರಣವು ಸವಾರನು ಹೆಲ್ಮೆಟ್ಟು ಧರಿಸಬೇಕೆಂದು ವಿಧಿಸುತ್ತದೆ. ನಮ್ಮ ರಾಜ್ಯದಲ್ಲಿ ೨೦೧೬ರ ಜನವರಿಯಿಂದ ಹಿಂದೆ ಕೂತವರಿಗೂ ಅದು ಕಡ್ಡಾಯವಾಯಿತು. ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾರಲೇಬಾರದೆಂದು ೨೦೨೧ರ ಜೂನಿನಿಂದ ದೇಶಕ್ಕೆಲ್ಲ ನಿಯಮವಾಗಿದೆ. ಕಾಯಿದೆಗೆ ಕೊರತೆಯಿಲ್ಲ. ಆದರೂ ಕೇಂದ್ರ ಸರ್ಕಾರದ ವರದಿಯ ಪ್ರಕಾರ ೨೦೨೨ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು ೧,೬೮,೪೯೧ ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರು ಸುಮಾರು ೭೫,೦೦೦. ಹೆಲ್ಮೆಟ್ಟಿಲ್ಲದೆ ಮಡಿದವರು ೫೦,೦೨೯. ಇದಕ್ಕೆಲ್ಲ ಬಡತನ, ಉದಾಸೀನ, ಸೆಖೆ ಎಂದು ಹಲವು ಕಾರಣಗಳನ್ನು ಹೇಳಬಹುದು. ನಾನು ಕಂಡ ಇನ್ನೊಂದು ಕಾರಣವನ್ನು ಯಾವ ವರದಿಯೂ ಲೆಕ್ಕ ಹಾಕಲಾರದು. ತಂದೆಯವರು ಗುಣವಾದ ಮೇಲೆ ನನ್ನ ವಿದ್ಯಾರ್ಥಿವೇತನದ ಹಣದಿಂದ ಐ.ಎಸ್.ಐ. ಗುರುತಿನ ಒಳ್ಳೆಯ ಹೆಲ್ಮೆಟ್ಟೊಂದನ್ನು ತಂದುಕೊಟ್ಟೆ. ಅವರು ಅದನ್ನು ಸಂತೋಷದಿಂದಲೇ ತೆಗೆದುಕೊಂಡು, ಮೀನಿನ ಪೆಟ್ಟಿಗೆಯ ಮೇಲೆ ಹಗ್ಗದಿಂದ ಬಿಗಿದು ಹೊರಟರು! ಏಕೆಂದು ಕೇಳಿದರೆ, “ಅದು ಬೈಕಿನವರಿಗೆ ಮಗ. ನಾನು ಹಾಕಿದರೆ ಲೈನಿನವರು ನಗುತ್ತಾರೆ,” ಎಂದರು. ತಲೆಯನ್ನು ಕಾಯಬೇಕಾದ ವಸ್ತು ಒಂದು ಪಂಗಡದ ಲಾಂಛನವಾಗಿಬಿಟ್ಟರೆ, ಅದು ಯಾರಿಗೆ ಹೆಚ್ಚು ಅಗತ್ಯವೋ ಅವರ ತಲೆಗೆ ಅದು ಏರುವುದೇ ಇಲ್ಲ.

ಹಾಗಾದರೆ ಸವಾರನಿಗೆ ಹೆಮ್ಮೆಯೇ ಇರಬಾರದೆ? ಖಂಡಿತ ಇರಬೇಕು. ಬೆಂಗಳೂರಿನ ಸಿ. ಎಸ್. ಸಂತೋಷರು ೨೦೧೫ರಲ್ಲಿ ದಕ್ಷಿಣ ಅಮೆರಿಕದ ಮರುಭೂಮಿಗಳಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಮೂವತ್ತಾರನೆಯವರಾಗಿ ಮುಗಿಸಿದರು. ಅದೇ ಊರಿನ ಐಶ್ವರ್ಯಾ ಪಿಸ್ಸೆ ೨೦೧೯ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಇವರ ಸಾಹಸವನ್ನು ಓದಿದಾಗ ಯಾವ ಕನ್ನಡಿಗನ ಎದೆ ಉಬ್ಬುವುದಿಲ್ಲ? ಶ್ರಮಪಟ್ಟು ಕಲಿತ ವಿದ್ಯೆಗೆ ಹೆಮ್ಮೆ ಸಹಜವಾದುದು, ಹಿತವಾದುದು. ಆದರೆ ವಿದ್ಯೆಯ ಹೆಮ್ಮೆ ಬೇರೆ, ಬಿಲ್ಲಿನ ಹೆಮ್ಮೆ ಬೇರೆ. ಮೊದಲನೆಯದು ತನ್ನಂತೆ ಬಲ್ಲವನನ್ನು ಯಾವ ಗಾಡಿಯ ಮೇಲಿದ್ದರೂ ಗುರುತಿಸುತ್ತದೆ. ಎರಡನೆಯದು ಗಾಡಿಯನ್ನು ಮಾತ್ರ ನೋಡುತ್ತದೆ. ಮೊಪೆಡ್ಡಿನ ಪಕ್ಕದಲ್ಲಿ ಕುಳಿತ ಆ ಹೆಣ್ಣುಮಗಳಲ್ಲಿದ್ದುದು ಮೊದಲನೆಯದು. ಆ ದಿನ ನಮ್ಮ ಹೋಟೆಲಿನಲ್ಲಿ ಯಾವ ಪಂಗಡಕ್ಕೂ ಸೇರದೆ ನಡೆದುಕೊಂಡವಳು ಆಕೆಯೊಬ್ಬಳೇ ಎಂದು ಈಗ ನನಗನಿಸುತ್ತದೆ. ನಾವು ಬಡವರೆಂಬ ಕಾರಣಕ್ಕೆ ಪೂರ್ವಗ್ರಹದಿಂದ ಮುಕ್ತರೆಂದು ಭಾವಿಸುವುದು ಭ್ರಮೆ. ಅದು ಮೇಲಿನಿಂದ ಕೆಳಕ್ಕೆ ಹರಿಯುವಂತೆ ಕೆಳಗಿನಿಂದ ಮೇಲಕ್ಕೂ ಹರಿಯುತ್ತದೆ.

ಇಷ್ಟು ಹೇಳಿ ಸುಮ್ಮನಾದರೆ ಇದೂ ಚರ್ಚಾಕೂಟದ ಭಾಷಣವಾದೀತು. ಆದ್ದರಿಂದ ನನ್ನ ಸಹಪಾಠಿಗಳ ಮುಂದೆ ಎರಡು ಸಣ್ಣ ಸೂಚನೆಗಳನ್ನಿಡುತ್ತೇನೆ. ಹೊಂಗೆಮರದ ನೆರಳು ಮೊದಲು ಬಂದವರದಾಗಲಿ. ಎಂಟು ಗಂಟೆಗೆ ಬಂದ ಮೊಪೆಡ್ಡು ಮರದ ಬುಡದಲ್ಲಿ ನಿಲ್ಲಲಿ, ಹತ್ತು ಗಂಟೆಗೆ ಬಂದ ಬುಲೆಟ್ಟು ಬಿಸಿಲಿನಲ್ಲಿ ನಿಲ್ಲಲಿ. ಎರಡನೆಯದಾಗಿ, ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕದವರು ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಒಂದು ದಿನ ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಎಲ್ಲರ ಗಾಡಿಗಳ ಟೈರು, ಬ್ರೇಕು, ದೀಪಗಳನ್ನು ನೋಡಿಸಲಿ. ವಿದ್ಯಾರ್ಥಿಗಳ ಗಾಡಿಗಳನ್ನಷ್ಟೇ ಅಲ್ಲ. ಹಾಲಿನವರ, ಸೊಪ್ಪಿನವರ, ಮೀನಿನವರ ಗಾಡಿಗಳನ್ನೂ ನೋಡಿಸಲಿ. ಆ ದಿನ ತಿರುವಿನಲ್ಲಿ ಬ್ರೇಕು ಹಿಡಿಯುವ ಬಗೆಯನ್ನು ಕುರಿತು ಪಾಠ ಹೇಳಲು ನಮ್ಮ ತಂದೆಯವರನ್ನು ಒಪ್ಪಿಸುವ ಭಾರ ನನ್ನದು.

ನಾನಂತೂ ಕಳೆದ ಎರಡು ತಿಂಗಳಿಂದ, ತಂದೆಯವರ ಮೊಪೆಡ್ಡು ತರುವ ದಿನಗಳಲ್ಲಿ, ಅದನ್ನು ಗೇಟಿನ ಒಳಗೇ ತಂದು ನಿಲ್ಲಿಸುತ್ತಿದ್ದೇನೆ. ಮೀನಿನ ವಾಸನೆ ಬರುತ್ತದೆಂದು ಒಬ್ಬಿಬ್ಬರು ಮೂಗು ಮುಚ್ಚಿಕೊಂಡರು. ವಾಸನೆ ಬರುವುದು ನಿಜ. ಅದಕ್ಕೆ ನಾನೇನು ಮಾಡಲಿ? ಇನ್ನು ತಂದೆಯವರು ಈಗ ಹೆದ್ದಾರಿಯಲ್ಲಿ ಹೆಲ್ಮೆಟ್ಟು ಧರಿಸುತ್ತಾರೆ. ತೋಟದ ಗೇಟು ಬಂದೊಡನೆ ತೆಗೆದು ಪೆಟ್ಟಿಗೆಯ ಮೇಲಿಡುತ್ತಾರೆ. ಅವರು ಬಿದ್ದ ಮೋರಿ ಇರುವುದು ಆ ಗೇಟಿನ ಒಳಗಡೆ.